ಬಸ್ರೂರಿಗೆ ಒಂದು ದಿನ

ಹಳೆಯ ರೇವುಪಟ್ಟಣವೊಂದನ್ನು ನೋಡಿ ಬರಲು ಒಂದು ದಿನ ಸಾಕೆ ಎಂದು ಕೇಳುವವರುಂಟು. ಸಾಕು, ಆದರೆ ಆ ಒಂದು ದಿನಕ್ಕೆ ಒಂದು ತಿಂಗಳ ಸಿದ್ಧತೆ ಬೇಕು ಎಂಬುದು ನನ್ನ ಉತ್ತರ. ಹಂಪೆಗಾದರೆ ಏನೂ ಓದದೆ ಹೋಗಬಹುದು, ಕಲ್ಲುಗಳು ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ರಾಜಧಾನಿಯಲ್ಲಿ ಸಂಪತ್ತು ಬಂದು ನೆಲೆಸುತ್ತದೆ, ಗೋಪುರವಾಗುತ್ತದೆ, ಆನೆಯ ಲಾಯವಾಗುತ್ತದೆ. ರೇವಿನ ಸಂಪತ್ತಿನ ರೀತಿ ಬೇರೆ. ಹಡಗು ಬಂದಿತು, ಸರಕು ಇಳಿಯಿತು, ಬೇರೆ ಸರಕು ಏರಿತು, ಹಡಗು ಹೋಯಿತು. ಉಳಿಯುವುದು ದಂಡೆಯ ನಾಲ್ಕು ಮೆಟ್ಟಿಲು ಮತ್ತು ಕೆಲವು ಕೇರಿಗಳ ಹೆಸರು. ಹಾಗಾಗಿ ಕುಂದಾಪುರ ತಾಲೂಕಿನ ಬಸ್ರೂರಿಗೆ ಹೋದವರಲ್ಲಿ ಅನೇಕರು ಮರಳಿ ಬಂದು, "ಅಲ್ಲಿ ಏನಿದೆ? ಕೆಲವು ದೇವಸ್ಥಾನ, ಒಂದು ಹೊಳೆ" ಎಂದು ಹೇಳುವುದನ್ನು ನಾನು ಕೇಳಿದ್ದೇನೆ. ಅವರು ಹೇಳುವುದು ಸುಳ್ಳಲ್ಲ. ಆ ಹೊಳೆಯನ್ನು ಯಾವ ದಿಕ್ಕಿನಿಂದ, ಯಾವ ಋತುವಿನಲ್ಲಿ ನೋಡಬೇಕು ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಅಷ್ಟೆ. ಈ ಭಾಷಣದಲ್ಲಿ ನಾನು ಮಾಡಬೇಕೆಂದಿರುವುದು ಆ ಕೆಲಸವನ್ನು.

ಇದಕ್ಕೆ ಪ್ರೇರಣೆ ದೂರದ ಒಂದು ಊರು. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಉದ್ಯೋಗನಿಮಿತ್ತ ಜಪಾನಿನಲ್ಲಿದ್ದಾನೆ. ಎರಡು ದಿನದ ರಜೆಯಲ್ಲಿ ನಾಗಸಾಕಿಗೆ ಹೋಗಿ ಬಂದವನು ಅಲ್ಲಿನ ದೆಜಿಮ ಎಂಬ ಬೀಸಣಿಗೆಯಾಕಾರದ ಕೃತಕ ದ್ವೀಪವನ್ನು ವರ್ಣಿಸಿ, "ನಮ್ಮ ಕಡೆ ಇಂಥದ್ದು ಯಾವುದೂ ಇಲ್ಲವಾ ಸಾರ್?" ಎಂದು ಕೇಳಿದ. ದೆಜಿಮವನ್ನು ಕಟ್ಟಿದ್ದು 1636ರಲ್ಲಿ, ಪೋರ್ಚುಗೀಸರನ್ನು ಒಂದೆಡೆ ಕೂಡಿಹಾಕುವುದಕ್ಕಾಗಿ. 1641ರಿಂದ ಅಲ್ಲಿ ವಾಸಿಸಿದವರು ಡಚ್ಚರು. ಮುಂದೆ ಸುತ್ತಲಿನ ಸಮುದ್ರವನ್ನು ತುಂಬಿಸಿ ನೆಲ ಮಾಡಿದಾಗ ದ್ವೀಪವೇ ಊರಿನೊಳಗೆ ಹೂತುಹೋಯಿತು. ಜಪಾನೀಯರು ಅದರ ಅಂಚನ್ನು ಅಗೆದು ಹುಡುಕಿ, ಮನೆ ಮಳಿಗೆಗಳನ್ನು ಒಂದೊಂದಾಗಿ ಮತ್ತೆ ಎಬ್ಬಿಸಿ, 2017ರಲ್ಲಿ ಹೊಸ ಸೇತುವೆಯೊಂದನ್ನೂ ಹಾಕಿದ್ದಾರೆ. ನೋಡುವವನಿಗೆ ಅಲ್ಲಿ ಶ್ರಮವೇ ಇಲ್ಲ.

ಇಸವಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗ ನನಗೆ ಕುತೂಹಲ ಹುಟ್ಟಿತು. ಪೋರ್ಚುಗೀಸರು ಬಸ್ರೂರಿನ ಹೊಳೆಯಲ್ಲಿ ಕೋಟೆ ಹಾಕಿದ್ದು 1569ರಲ್ಲಿ. ನಾಗಸಾಕಿ ಅವರ ಹಡಗುಗಳಿಗೆ ತೆರೆದದ್ದು 1571ರಲ್ಲಿ. ಎರಡೇ ವರ್ಷದ ಅಂತರ. ಎರಡಕ್ಕೂ ಗೋವೆಯೇ ಕೇಂದ್ರ. ಆ ಗೋವೆ ಉಣ್ಣುತ್ತಿದ್ದ ಅಕ್ಕಿಯ ಬಹುಭಾಗ ನಮ್ಮ ಕರಾವಳಿಯದು. ಗೋವೆಯಿಂದ ಮಕಾವಿಗೆ, ಮಕಾವಿನಿಂದ ನಾಗಸಾಕಿಗೆ ಹೋಗುತ್ತಿದ್ದ ದೊಡ್ಡ ಹಡಗಿನ ಉಗ್ರಾಣದಲ್ಲಿ ಬಸ್ರೂರಿನ ಅಕ್ಕಿ ಇದ್ದಿರಲೂಬಹುದು ಎಂದು ಊಹಿಸಿದರೆ ಅದು ಅತಿಶಯವಾಗಲಾರದು. ಹುಡುಗನಿಗೆ ಹೀಗೆಯೇ ಬರೆದೆ. ಮುಂದಿನ ರಜೆಗೆ ಊರಿಗೆ ಬಂದಾಗ ಬಸ್ರೂರಿಗೆ ಹೋಗುವ ಯೋಜನೆಯನ್ನು ಹಾಕಿಕೊಡುತ್ತೇನೆ ಎಂದೂ ಬರೆದೆ. ಆ ಯೋಜನೆಯೇ ಈ ಮಾತುಗಳು.

ಬಸ್ರೂರೇ ಏಕೆ? ಮಂಗಳೂರೂ ರೇವುಪಟ್ಟಣವೇ ಅಲ್ಲವೆ? ಹೌದು. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವರ್ತಕ ಇಲ್ಲಿ ಹದಿನೇಳು ವರ್ಷಗಳ ಕಾಲ ನೆಲೆಸಿದ್ದ, ಕಂಚಿನ ಪಾತ್ರೆಗಳ ಕಾರ್ಖಾನೆ ನಡೆಸುತ್ತಿದ್ದ, ಅಶು ಎಂಬ ದಾಸಿಯನ್ನು 1132ರಲ್ಲಿ ಬಿಡುಗಡೆ ಮಾಡಿದ ಎಂಬುದೆಲ್ಲ ಕೈರೋದ ಹಳೆಯ ಕಾಗದಪತ್ರಗಳಿಂದ ತಿಳಿದುಬಂದಿದೆ. ಆದರೆ ಮಂಗಳೂರು ಇಂದಿಗೂ ಬದುಕಿರುವ ರೇವು. ಬದುಕಿರುವ ಊರು ತನ್ನ ಹಳೆಯದರ ಮೇಲೆ ಹೊಸದನ್ನು ಕಟ್ಟುತ್ತಲೇ ಹೋಗುತ್ತದೆ. ಬಸ್ರೂರಿನ ರೇವು ನಿಂತುಹೋಗಿದೆ. ನಿಂತ ಗಡಿಯಾರದಲ್ಲಿ ಯಾವ ಹೊತ್ತಿಗೆ ನಿಂತಿತೆಂಬುದಾದರೂ ಕಾಣುತ್ತದೆ. ಅರಬರು ಅದನ್ನು ಅಬೂ ಸರೂರ್ ಎಂದರು, ಪೋರ್ಚುಗೀಸರು ಬಾರ್ಸೆಲೋರ್ ಎಂದರು. ನಮ್ಮವರಿಗೆ ಅದು ವಸುಪುರ, ಬಸರೂರು. ಒಂದು ಊರಿಗೆ ಇಷ್ಟು ಭಾಷೆಗಳಲ್ಲಿ ಇಷ್ಟು ಹೆಸರುಗಳು ಬೀಳಬೇಕಾದರೆ ಅಲ್ಲಿಗೆ ಬಂದು ಹೋಗುವವರು ಎಷ್ಟಿರಬೇಕು!

ಮೊದಲು ಋತುವನ್ನು ಗೊತ್ತುಮಾಡಿಕೊಳ್ಳಬೇಕು. ದೀಪಾವಳಿ ಕಳೆದ ಮೇಲೆ, ನವೆಂಬರ್ ತಿಂಗಳಿನಲ್ಲೋ ಡಿಸೆಂಬರ್ ಮೊದಲಲ್ಲೋ ಹೊರಡುವುದು ಒಳ್ಳೆಯದು. ಬಿಸಿಲು ಹಿತವಾಗಿರುತ್ತದೆ ಎಂಬುದೊಂದು ಕಾರಣ, ಆದರೆ ಅದು ಸಣ್ಣ ಕಾರಣ. ಬಸ್ರೂರಿನ ವರ್ಷ ಶುರುವಾಗುತ್ತಿದ್ದುದೇ ಆಗ. ಮಳೆಗಾಲದ ಮೂರು ನಾಲ್ಕು ತಿಂಗಳು ನೈಋತ್ಯದ ಗಾಳಿಗೆ ನಮ್ಮ ತೀರದ ಕಡಲು ಮುಚ್ಚುತ್ತದೆ. ನೂಲ ಹುಣ್ಣಿಮೆಯಂದು ಮೊಗವೀರರು ಸಮುದ್ರಪೂಜೆ ಮಾಡಿ ಹಾಲೆರೆಯುವುದು ಅದು ಮತ್ತೆ ತೆರೆಯಲಿ ಎಂದು. ಕಡಲು ತೆರೆದು ಶಾಂತವಾಗುವ ಹೊತ್ತಿಗೆ ಗದ್ದೆಯಲ್ಲಿ ಕಾರ್ತಿ ಬೆಳೆ ಕೊಯ್ಲಿಗೆ ಬಂದಿರುತ್ತದೆ. ಬೆಳೆ ಬಡಿದು, ಬತ್ತ ಅಕ್ಕಿಯಾಗಿ, ಹೊರಲು ಸಿದ್ಧವಾಗುವಾಗ ಈಶಾನ್ಯದ ಗಾಳಿ ಎದ್ದಿರುತ್ತದೆ. ಅದು ಹಾಯಿ ಬಿಚ್ಚಿದವನನ್ನು ಅರಬರ ದೇಶದ ಕಡೆಗೆ ಒಯ್ಯುವ ಗಾಳಿ. ಗದ್ದೆಯ ಪಂಚಾಂಗವೂ ಗಾಳಿಯ ಪಂಚಾಂಗವೂ ಹೀಗೆ ಒಂದಕ್ಕೊಂದು ಹೆಣೆದುಕೊಂಡಿರುವ ತೀರಗಳು ಲೋಕದಲ್ಲಿ ಹೆಚ್ಚಿಲ್ಲ. ಯಾವ ರಾಜನೂ ಇದನ್ನು ಏರ್ಪಡಿಸಿದ್ದಲ್ಲ. ಬಸ್ರೂರು ಏಕೆ ಹುಟ್ಟಿತು ಎಂಬ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ಮಳೆಗಾಲದಲ್ಲಿ ಹೋದವನಿಗೆ ಹಸಿರು ಕಂಡೀತು, ಈ ಹೆಣಿಗೆ ಕಾಣದು.

ಹೊರಡುವ ಹಿಂದಿನ ಸಂಜೆ ಮಂಗಳೂರಿನಲ್ಲಿಯೇ ಒಂದು ಗಂಟೆ ಕಳೆಯಬೇಕು. ಹಳೆಯ ಬಂದರಿನ ದಕ್ಕೆಯಲ್ಲಿ ಲಕ್ಷದ್ವೀಪಕ್ಕೆ ಹೋಗುವ ಮಂಜಿಗಳು ನಿಂತಿರುತ್ತವೆ. ದಿನಸಿ, ತರಕಾರಿ, ಜಲ್ಲಿ, ಸಿಮೆಂಟು ಎಲ್ಲವನ್ನೂ ಹಮಾಲರು ತಲೆಯ ಮೇಲೆ, ಬೆನ್ನಿನ ಮೇಲೆ ಹೊತ್ತು ಹಲಗೆಯ ಮೇಲಿಂದ ಏರಿಸುತ್ತಾರೆ. ಮರದ ಒಡಲಿಗೆ ಇಂದು ಯಂತ್ರ ಸೇರಿದೆ, ಹಾಯಿ ಹೋಗಿದೆ. ಆದರೂ ಮಳೆಗಾಲದಲ್ಲಿ ಅವು ಹೊರಡುವುದಿಲ್ಲ ಎಂಬ ನಿಯಮ ಹಿಂದಿನದೇ. ಪಣಂಬೂರಿನ ಹೊಸ ಬಂದರು 1970ರ ದಶಕದಲ್ಲಿ ತಲೆಯೆತ್ತಿದ ಮೇಲೆ ದೊಡ್ಡ ಹಡಗುಗಳೆಲ್ಲ ಅತ್ತ ಹೋದವು. ಇವು ಮಾತ್ರ ಇಲ್ಲಿಯೇ ಉಳಿದವು. ಬಸ್ರೂರಿನಲ್ಲಿ ನಿಮಗೆ ಒಂದು ಹಡಗೂ ಸಿಗುವುದಿಲ್ಲವಾದ್ದರಿಂದ ಈ ದೃಶ್ಯವನ್ನು ಕಣ್ಣಿನಲ್ಲಿ ತುಂಬಿಕೊಂಡು ಹೋಗುವುದು ಅಗತ್ಯ. ಬೆವರು, ಉಪ್ಪುಮೀನು, ಎಣ್ಣೆ ಇವುಗಳ ಆ ವಾಸನೆಯನ್ನೂ ಸಹ.

ಪ್ರಯಾಣಕ್ಕೆ ರೈಲನ್ನು ಹಿಡಿಯಿರಿ ಎಂದು ನನ್ನ ಸಲಹೆ. ಬಸ್ಸಿನವರು ಹೆದ್ದಾರಿಯಲ್ಲಿ ಬೇಗ ತಲುಪಿಸುತ್ತಾರೆ, ನಿಜ. ಆದರೆ ಹೆದ್ದಾರಿ ಕಡಲಿನ ಅಂಚು ಹಿಡಿದು ಹೋಗುತ್ತದೆ. ಬಾರಕೂರು, ಬಸ್ರೂರು ಎರಡೂ ಅದಕ್ಕೆ ಪಕ್ಕದ ಊರುಗಳು. 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲ್ವೆಯ ಹಳಿಯಾದರೋ ತುಸು ಒಳಗಿನಿಂದ ಹಾಯ್ದು, ಬಾರಕೂರಿನಲ್ಲಿ ನಿಲ್ದಾಣ ಪಡೆದು, ಕುಂದಾಪುರದ ನಿಲ್ದಾಣವನ್ನು ಪೇಟೆಯಲ್ಲಿ ಇಡದೆ ಬಸ್ರೂರಿಗೆ ಹತ್ತಿರದ ಮೂಡ್ಲಕಟ್ಟೆಯಲ್ಲಿ ಇಟ್ಟಿದೆ. ಎಂಜಿನಿಯರರು ಇತಿಹಾಸ ಓದಿ ಹಾಗೆ ಮಾಡಿದರೆಂದು ನಾನು ಹೇಳುತ್ತಿಲ್ಲ. ಹೊಳೆಯನ್ನು ದಾಟಲು ಅಳಿವೆಗಿಂತ ಒಳಗಿನ ಇಕ್ಕಟ್ಟಾದ ಜಾಗ ಅನುಕೂಲ. ಹಳೆಯ ವರ್ತಕನೂ ನೆಲೆಗಾಗಿ ಅಳಿವೆಯನ್ನು ಬಿಟ್ಟು ಒಳಗೆ ಬಂದಿದ್ದ. ಅವನ ಕಾರಣ ಬೇರೆ, ಅದನ್ನು ಮುಂದೆ ಹೇಳುತ್ತೇನೆ.

ದಾರಿಯಲ್ಲಿ ಬಾರಕೂರು ಬಂದಾಗ ಇಳಿಯುವ ಆಸೆ ಹುಟ್ಟುವುದು ಸಹಜ. ಆಳುಪರ ರಾಜಧಾನಿ, ವಿಜಯನಗರದ ಕಾಲದಲ್ಲಿ ಒಂದು ರಾಜ್ಯದ ಕೇಂದ್ರ, ಇಂದಿಗೂ ಕೋಟೆಕೇರಿ, ಮೂಡುಕೇರಿ, ಚೌಳಿಕೇರಿ, ಮಣಿಗಾರಕೇರಿ ಎಂದು ಕರೆಯಿಸಿಕೊಳ್ಳುವ ಬೀದಿಗಳು. 1342ರ ಸುಮಾರಿಗೆ ಈ ತೀರದಲ್ಲಿ ಬಂದ ಇಬ್ನ್ ಬತೂತ ಫಾಕನೂರ್ ಎಂದು ಹೇಳುವುದು ಇದನ್ನೇ. ಇಳಿಯಬೇಡಿ. ಬಾರಕೂರಿಗೆ ಇನ್ನೊಂದು ದಿನ ಇಡೀ ಬೇಕು. ಎರಡು ಊರನ್ನು ಒಂದು ದಿನದಲ್ಲಿ ಮುಗಿಸುವವರು ಎರಡರಲ್ಲಿಯೂ ಫೋಟೋ ತೆಗೆದುಕೊಂಡು ಬರುತ್ತಾರೆ, ಅಷ್ಟೆ.

ಮೂಡ್ಲಕಟ್ಟೆಯಲ್ಲಿ ಇಳಿದವರು ಬಸ್ರೂರು ಕೈಗೆಟಕುವಂತಿದೆಯೆಂದು ನೇರ ಅಲ್ಲಿಗೆ ನಡೆದುಬಿಡಬಾರದು. ಮೊದಲು ಬಸ್ಸಿನಲ್ಲಿ ಕುಂದಾಪುರಕ್ಕೆ, ಅಲ್ಲಿಂದ ಕೋಡಿಗೆ ಹೋಗಬೇಕು. ರೇವುಪಟ್ಟಣವನ್ನು ಅದಕ್ಕೆ ಬಂದವರು ಬಂದ ದಾರಿಯಿಂದಲೇ, ಎಂದರೆ ನೀರಿನ ಕಡೆಯಿಂದ, ಪ್ರವೇಶಿಸಬೇಕು. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ನದಿಗಳು ಒಟ್ಟುಗೂಡಿ ಪಂಚಗಂಗಾವಳಿಯಾಗಿ ಕಡಲನ್ನು ಸೇರುವ ಜಾಗ ಅದು. ದಕ್ಷಿಣದಲ್ಲಿ ಕೋಡಿ, ಉತ್ತರದಲ್ಲಿ ಗಂಗೊಳ್ಳಿ. ಆಚೆ ದಡದ ದೋಣಿಗಳು ಕಣ್ಣಿಗೆ ಸ್ಪಷ್ಟವಾಗಿ ಕಾಣುತ್ತವೆ, ಆದರೆ ರಸ್ತೆಯಲ್ಲಿ ಹೋಗುವುದಾದರೆ ಸೇತುವೆಗಳನ್ನೆಲ್ಲ ಸುತ್ತಿ ಬಹು ದೂರ ಹೋಗಬೇಕು. ನೀರು ಹತ್ತಿರ ಮಾಡಿದ್ದನ್ನು ರಸ್ತೆ ಹೇಗೆ ದೂರ ಮಾಡಿತೆಂಬುದು ಇಲ್ಲಿ ನಿಂತರೆ ಅರ್ಥವಾಗುತ್ತದೆ.

ಈ ಅಳಿವೆಯಲ್ಲಿ ಅಲೆಯೊಡೆಯುವ ಬಿಳಿಯ ಗೆರೆಯನ್ನು ಗಮನಿಸಿ. ಹೊಳೆ ತಂದ ಮರಳೂ ಕಡಲು ತಳ್ಳಿದ ಮರಳೂ ಸೇರಿ ಬಾಯಿಗೆ ಅಡ್ಡವಾಗಿ ಕಟ್ಟಿದ ದಿಬ್ಬ ಅಲ್ಲಿ ನೀರಿನ ಅಡಿಯಲ್ಲಿದೆ. ದೊಡ್ಡ ಹಡಗುಗಳು ಅದರ ಹೊರಗೆ ಲಂಗರು ಹಾಕುತ್ತಿದ್ದವು. ಮಚವೆ, ಪಡಾವುಗಳು ಭರತದ ನೀರಿನ ಜೊತೆಗೆ ಒಳಗೆ ಬರುತ್ತಿದ್ದವು. ಭರತ ಏರುವಾಗ ಹೊಳೆ ಹಿಮ್ಮೊಗವಾಗಿ ಹರಿಯುತ್ತದೆ. ಆಗ ಹುಟ್ಟು ಹಾಕುವ ಶ್ರಮವಿಲ್ಲದೆ ದೋಣಿ ತಾನಾಗಿ ಬಸ್ರೂರಿಗೆ ಹೋಗುತ್ತದೆ. ಇಳಿತ ಶುರುವಾದೊಡನೆ ಅಕ್ಕಿ ತುಂಬಿದ ದೋಣಿ ಅದೇ ಪ್ರಕಾರ ಕೆಳಗೆ ಬರುತ್ತದೆ. ಆದ್ದರಿಂದ ಮೀನುಗಾರರನ್ನು ಮೊದಲೇ ವಿಚಾರಿಸಿ, ಬೆಳಗಿನ ಹೊತ್ತು ನೀರು ಏರುವ ದಿನವನ್ನೇ ಆರಿಸಿಕೊಳ್ಳಿ. ಹುಣ್ಣಿಮೆ ಅಮಾವಾಸ್ಯೆಗಳ ಆಸುಪಾಸಾದರೆ ಏರಿಳಿತ ಇನ್ನೂ ಹೆಚ್ಚು. ಒಳಗಿನ ಊರು ಹೀಗೆ ಕಡಲಿನ ಬಿರುಗಾಳಿಗೆ ಸಿಗುವುದಿಲ್ಲ, ಕಡಲ್ಗಳ್ಳರ ಕಣ್ಣಿಗೆ ಬೀಳುವುದಿಲ್ಲ. ಜೊತೆಗೆ ಘಟ್ಟದಿಂದ ಮೆಣಸು ಹೊತ್ತು ಇಳಿಯುವ ಹೇರೆತ್ತುಗಳಿಗೂ ಹತ್ತಿರ. ವರ್ತಕರು ಅಳಿವೆ ಬಿಟ್ಟು ಒಳಗೆ ನೆಲೆಸಿದ ಕಾರಣ ಇದು. ಇಬ್ನ್ ಬತೂತನೂ ಅಬೂ ಸರೂರ್ ದೊಡ್ಡ ಹಿನ್ನೀರಿನ ಮೇಲಿರುವ, ತೆಂಗು ಹೇರಳವಾಗಿರುವ ಸಣ್ಣ ಊರು ಎಂದೇ ಬರೆದಿದ್ದಾನೆ. ತೆಂಗಿನ ವಿಷಯದಲ್ಲಿ ಅವನ ಮಾತು ಇಂದಿಗೂ ನಿಜ.

ಕೋಟೆ ಎಲ್ಲಿ ಎಂದು ಕೇಳುವವರಿಗಾಗಿ ಒಂದು ಮಾತು. 1623ರ ಕೊನೆಯಲ್ಲಿ ಇಟಲಿಯ ಪಿಯೆತ್ರೋ ಡೆಲ್ಲಾ ವಾಲೆ ಎಂಬ ಪ್ರವಾಸಿ ಇಕ್ಕೇರಿಯಲ್ಲಿ ವೆಂಕಟಪ್ಪ ನಾಯಕನ ಆಸ್ಥಾನವನ್ನು ನೋಡಿ, ಘಟ್ಟವಿಳಿದು ಬಸ್ರೂರಿಗೆ ಬಂದು, ಮುಂದೆ ಕಡಲ ದಾರಿಯಲ್ಲಿ ಮಂಗಳೂರಿಗೆ ಹೋದ. ನಮ್ಮ ಪ್ರವಾಸಕ್ಕೆ ಸರಿಯಾಗಿ ತಿರುಗುಮುರುಗು. ಅವನು ಎರಡು ಬಸ್ರೂರುಗಳನ್ನು ಹೇಳುತ್ತಾನೆ. ಮೇಲಿನದು ನಾಯಕನ ಅಧೀನದ ಪಟ್ಟಣ. ಕೆಳಗಿನದು, ಹೊಳೆಯ ಬಾಯಿಯ ಕಡೆಗಿನದು, ಪೋರ್ಚುಗೀಸರ ಕೋಟೆ. ಪೋರ್ಚುಗೀಸ್ ಬರಹಗಳಲ್ಲಿಯೂ ಇದೇ ವಿಭಾಗ. 1635ರಲ್ಲಿ ಬೊಕಾರೋ ತಮ್ಮವರ ಕೋಟೆಗಳೆಲ್ಲದರ ವಿವರ ಬರೆದಾಗ ಬಸ್ರೂರಿಗೂ ಅದರಲ್ಲಿ ಒಂದು ಚಿತ್ರ ಸಿಕ್ಕಿತು. ಇದರ ಅರ್ಥವನ್ನು ಯೋಚಿಸಿ. ಎಂಬತ್ತು ವರ್ಷಗಳಿಗೂ ಮಿಕ್ಕಿ ಇಲ್ಲಿ ಬಾಗಿಲು ಕಾದ ಪೋರ್ಚುಗೀಸರಿಗೆ ಮನೆಯೊಳಗೆ ಯಜಮಾನಿಕೆ ಸಿಗಲಿಲ್ಲ. ಹೋಗಿ ಬರುವ ಹಡಗುಗಳಿಗೆ ಕರ್ತಾಜ್ ಎಂಬ ರಹದಾರಿ ಚೀಟಿ ಕೊಟ್ಟರು, ಕೊಡದ ಹಡಗುಗಳನ್ನು ಹಿಡಿದರು, ಸುಂಕ ಎತ್ತಿದರು. ಆದರೆ ಅಕ್ಕಿಯ ಬೆಲೆಯನ್ನು ಮಾತನಾಡಬೇಕಾದರೆ ಅವರು ಮೇಲಿನ ಬಸ್ರೂರಿನ 'ಚೆಟ್ಟಿ'ಗಳ ಬಳಿಗೇ ಬರಬೇಕಾಗಿತ್ತು.

ಆ ಚೆಟ್ಟಿಗಳು ಯಾರು? ಇಲ್ಲಿ ಶಾಸನಗಳು ಮಾತನಾಡುತ್ತವೆ. ವಿಜಯನಗರದ ಕಾಲದ ಬಸ್ರೂರಿನ ಕಲ್ಬರಹಗಳಲ್ಲಿ ಮೂಡಕೇರಿ, ಪಡುವಕೇರಿ ಎಂಬ ಎರಡು ಕೇರಿಗಳ ವರ್ತಕರು, ಹಲರು, ಸೆಟ್ಟಿಕಾರರು ಕಾಣಿಸಿಕೊಳ್ಳುತ್ತಾರೆ. ದೇವಾಲಯಕ್ಕೆ ದತ್ತಿ ಬಿಡುವಾಗ ಅರಸನ ಹೆಸರು ಮೊದಲು, ಅವನ ಅಧಿಕಾರಿಯ ಹೆಸರು ಆಮೇಲೆ. ಆದರೆ ಊರಿನ ಮಟ್ಟಿಗೆ ಒಪ್ಪಿ ನಡೆಸುವವರು ಈ ಕೇರಿಗಳವರೇ. ಊರಿನ ಒಂದು ದೇವಸ್ಥಾನಕ್ಕೆ ನಖರೇಶ್ವರ ಎಂಬ ಹೆಸರಿದೆ. ನಖರವೆಂದರೆ ನಗರ, ಶಾಸನಗಳ ಭಾಷೆಯಲ್ಲಿ ಅದು ವರ್ತಕರ ಸಂಘಕ್ಕೆ ಹೆಸರು. ವರ್ತಕರ ಸಂಘವೇ ದೇವರ ಹೆಸರಾಗಿ ನಿಂತಿರುವ ಈ ಗುಡಿಯ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ ಎಂದು ನಾನು ವಿಶೇಷವಾಗಿ ಹೇಳುತ್ತೇನೆ. ಬಸ್ರೂರಿನ ಸಂವಿಧಾನ ಆ ಒಂದು ಶಬ್ದದಲ್ಲಿದೆ. ಕರಾವಳಿಯ ಶಾಸನಗಳಲ್ಲಿ ಹಂಜಮಾನ ಎಂಬ ಇನ್ನೊಂದು ಶಬ್ದವೂ ಬರುತ್ತದೆ. ಪಾರಸಿಯ ಅಂಜುಮನ್ ನಮ್ಮ ಬಾಯಿಯಲ್ಲಿ ಹಕಾರ ಪಡೆದು ಹಂಜಮಾನವಾಯಿತು. ಕಡಲಾಚೆಯಿಂದ ಬಂದ ವರ್ತಕರ ಸಂಘಕ್ಕೆ ಆ ಹೆಸರು. ಭಾಷಾಶಾಸ್ತ್ರದ ತರಗತಿಯಲ್ಲಿ ನಾನು ಈ ಶಬ್ದವನ್ನು ಎಷ್ಟೋ ವರ್ಷ ಉದಾಹರಣೆಯಾಗಿ ಬಳಸಿದ್ದೇನೆ. ಒಂದು ಭಾಷೆ ಪರಕೀಯನನ್ನು ಹೆದರಿಕೆಯಿಂದ ಕರೆಯುವ ರೀತಿ ಬೇರೆ, ಪಕ್ಕದ ಅಂಗಡಿಯವನೆಂದು ಕರೆಯುವ ರೀತಿ ಬೇರೆ.

ಈಗ ಅಕ್ಕಿಯ ಮಾತು. ಬಸ್ರೂರನ್ನು ಕುರಿತು ಪ್ರವಾಸಿಗರಿಗೆ ಮಾರುವ ಪುಸ್ತಕಗಳಲ್ಲಿ ಮುತ್ತು, ರೇಷ್ಮೆ, ಅರಬ್ಬಿ ಕುದುರೆ ಎಲ್ಲವೂ ಥಳಥಳಿಸುತ್ತವೆ. ಇದ್ದವೋ ಏನೋ, ಕುದುರೆಯ ದೊಡ್ಡ ವ್ಯಾಪಾರ ಭಟ್ಕಳದ್ದು. ಬಸ್ರೂರಿನ ಜೀವಾಳ ಅಕ್ಕಿ. ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಪೋರ್ಚುಗೀಸರ ದುವಾರ್ತೆ ಬಾರ್ಬೋಸ ಬಸ್ರೂರು, ಬಾರಕೂರುಗಳಿಂದ ಹಡಗು ಹಡಗು ಅಕ್ಕಿ ಹೋರ್ಮುಜ್, ಏಡನ್, ಮಲಬಾರುಗಳಿಗೆ ಹೋಗುವುದನ್ನು ಬರೆದಿದ್ದಾನೆ. ಈ ತೀರದಲ್ಲಿ ನಾಲ್ಕು ತರದ ಅಕ್ಕಿಯಿತ್ತೆಂದೂ ಒಂದೊಂದಕ್ಕೆ ಒಂದೊಂದು ಬೆಲೆಯೆಂದೂ ಹೇಳಿ ಹೆಸರು ಕೊಡುತ್ತಾನೆ: ಅತ್ಯುತ್ತಮವಾದದ್ದು ಗಿರಸಾಲ್, ನಾಲ್ಕನೆಯದು ಪಚರಿ. ಮೊದಲನೆಯದು ನಮ್ಮ ಜೀರಸಾಲೆಯ ಹಾಗೆ ಕೇಳಿಸುವುದಿಲ್ಲವೆ? ಪಚರಿಯಂತೂ ಮಲಯಾಳಿಗಳ ಪಚ್ಚರಿಯೇ, ನಾವು ಬೆಳ್ತಿಗೆ ಎನ್ನುವ ಅಕ್ಕಿ. ಪರದೇಶದ ಒಬ್ಬ ಕಾರಕೂನ ಐನೂರು ವರ್ಷಗಳ ಹಿಂದೆ ನಮ್ಮ ಅಂಗಡಿಯ ಮುಂದೆ ನಿಂತು ಅಕ್ಕಿಯ ಹೆಸರನ್ನು ಕೇಳಿ ಬರೆದುಕೊಂಡ ಎಂದು ನೆನೆದಾಗ, ಅರಸರ ವಂಶಾವಳಿ ಓದುವಾಗ ಆಗದ ಸಂತೋಷ ನನಗೆ ಆಗುತ್ತದೆ.

ಪೋರ್ಚುಗೀಸರು ಈ ಅಕ್ಕಿಯನ್ನು ಫಾರ್ದು ಎಂಬ ಲೆಕ್ಕದಲ್ಲಿ ಎಣಿಸುತ್ತಿದ್ದರು. ಫಾರ್ದು ಎಂದರೆ ಮೂಟೆ. ನಮ್ಮಲ್ಲಿ ಅಕ್ಕಿಯ ಮೂಟೆಯೆಂದರೆ ಮುಡಿ: ಬೈಹುಲ್ಲನ್ನು ಹಾಸಿ, ಅಕ್ಕಿ ಸುರಿದು, ಹುಲ್ಲಿನ ಹಗ್ಗದಿಂದ ಬಿಗಿದು, ದೊಣ್ಣೆಯಿಂದ ಬಡಿದು ಬಡಿದು ಉರುಟು ಮಾಡಿದ ಕಟ್ಟು. ಕಲಸಿಗೆಗೆ 14 ಸೇರು, ಮೂರು ಕಲಸಿಗೆ ಸೇರಿ 42 ಸೇರಿಗೆ ಒಂದು ಮುಡಿ ಎಂಬುದು ಬಾಯಿಲೆಕ್ಕ. ಆ ಫಾರ್ದು ಈ ಮುಡಿಯೇ ಇರಬೇಕೆಂದು ನನ್ನ ಊಹೆ. ಚೆನ್ನಾಗಿ ಕಟ್ಟಿದ ಮುಡಿಯಲ್ಲಿ ಅಕ್ಕಿ ವರ್ಷಗಟ್ಟಲೆ ಹುಳ ಹಿಡಿಯದೆ ಉಳಿಯುತ್ತದೆ. ಉರುಟಾದ್ದರಿಂದ ದೋಣಿಯ ಒಡಲಲ್ಲಿ ಒತ್ತಾಗಿ ಕೂರುತ್ತದೆ. ಕಡಲ ವ್ಯಾಪಾರಕ್ಕೆ ಇದಕ್ಕಿಂತ ಒಳ್ಳೆಯ ಕಟ್ಟು ಬೇಕೆ? ಗೇಣಿಯನ್ನು ಮುಡಿಯಲ್ಲಿ ಅಳೆದರು, ಗದ್ದೆಯ ವಿಸ್ತಾರವನ್ನೂ ಮುಡಿಯಲ್ಲಿಯೇ ಹೇಳಿದರು. ಬಸ್ರೂರಿನ ಹೊಳೆಯ ದಂಡೆಗೆ ಬಂದದ್ದು ಗೇಣಿ ಒಕ್ಕಲಿನ ಬೆವರು ಎಂಬುದನ್ನೂ ಮರೆಯಬಾರದು. ಸೆಟ್ಟಿಕಾರರ ಹೆಸರು ಕಲ್ಲಿನಲ್ಲಿದೆ. ಬೆಳೆದವನ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಅವನಿಗೆ ಭೂಮಿ ಸಿಕ್ಕಿದ್ದು 1974ರ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದ ಮೇಲೆ, ಬಸ್ರೂರಿನ ರೇವು ನಿಂತುಹೋಗಿ ಎಷ್ಟೋ ಕಾಲದ ಬಳಿಕ.

ಗೋವೆಗೆ ಈ ಅಕ್ಕಿ ಎಷ್ಟು ಅನಿವಾರ್ಯವಾಗಿತ್ತೆಂದರೆ, ಅದನ್ನು ತರುವುದಕ್ಕೆಂದೇ ಅಲ್ಲಿಂದ ಕಾಫಿಲಾ ಎಂಬ ದೋಣಿಗಳ ಗುಂಪು ಯುದ್ಧನೌಕೆಗಳ ಕಾವಲಿನಲ್ಲಿ ಬರುತ್ತಿತ್ತು. ಕಾಫಿಲಾ ತಡವಾದರೆ ಗೋವೆಯಲ್ಲಿ ಹೊಟ್ಟೆಗೆ ಕಷ್ಟ. 1984ರಲ್ಲಿ ಸಂಜಯ ಸುಬ್ರಹ್ಮಣ್ಯಂ ಅವರು ಪೋರ್ಚುಗೀಸರನ್ನೂ ಬಸ್ರೂರಿನ ಬಂದರನ್ನೂ ಅಕ್ಕಿಯ ವ್ಯಾಪಾರವನ್ನೂ ಕುರಿತು, 1600ರಿಂದ 1650ರವರೆಗಿನ ಅವಧಿಯನ್ನು ಆರಿಸಿಕೊಂಡು ಬರೆದ ಇಂಗ್ಲಿಷ್ ಲೇಖನವೊಂದಿದೆ. ಹೊರಡುವ ಮೊದಲು ಓದಲು ಒಂದೇ ಲೇಖನ ಹೇಳಿ ಎಂದರೆ ನಾನು ಅದನ್ನು ಹೇಳುತ್ತೇನೆ. ಇದನ್ನು ಕನ್ನಡದಲ್ಲಿ ಓದುವಂತಾಗಬೇಕು ಎಂಬುದು ನನ್ನ ಬಹುದಿನದ ಆಸೆ.

ರಾಜಕೀಯವನ್ನು ಬೇಗ ಹೇಳಿ ಮುಗಿಸುತ್ತೇನೆ. 1650ರ ದಶಕದ ಮೊದಲ ವರ್ಷಗಳಲ್ಲಿ ಕೆಳದಿಯ ಶಿವಪ್ಪ ನಾಯಕ ಹೊನ್ನಾವರ, ಬಸ್ರೂರು, ಮಂಗಳೂರುಗಳ ಪೋರ್ಚುಗೀಸ್ ಕೋಟೆಗಳನ್ನು ಕಸಿದುಕೊಂಡ. 1665ರ ಫೆಬ್ರವರಿಯಲ್ಲಿ ಶಿವಾಜಿ ಎಂಬತ್ತೈದು ಸಣ್ಣ ನಾವೆಗಳನ್ನೂ ಮೂರು ದೊಡ್ಡ ಹಡಗುಗಳನ್ನೂ ಕೂಡಿಸಿಕೊಂಡು ಕಡಲ ದಾರಿಯಾಗಿ ಬಂದು ಬಸ್ರೂರನ್ನು ಸೂರೆ ಮಾಡಿದ. ಮರಳುವಾಗ ಗೋಕರ್ಣದಲ್ಲಿ ತೀರ್ಥಸ್ನಾನ ಮಾಡಿದ. ಬಸ್ರೂರಿನ ಹೆಸರು ದೊಡ್ಡ ಇತಿಹಾಸದ ಪುಸ್ತಕಗಳಲ್ಲಿ ಬರುವುದು ಹೆಚ್ಚಾಗಿ ಈ ಒಂದು ದಾಳಿಯ ಕಾರಣದಿಂದ. ಶತಮಾನಗಟ್ಟಲೆ ಲೋಕಕ್ಕೆ ಉಣಬಡಿಸಿದ್ದು ಅಡಿಟಿಪ್ಪಣಿಯಾಗಿ, ಸೂರೆಯಾದದ್ದು ಅಧ್ಯಾಯವಾಗುವುದು ಇತಿಹಾಸ ಬರೆಯುವವರ ಹಳೆಯ ಚಾಳಿ. ಸೂರೆಯಾದ ಊರು ಮತ್ತೆ ಎದ್ದಿತು. ಡಚ್ಚರು ಬಂದು ಕೆಲಕಾಲ ಕೋಠಿ ಇಟ್ಟರು, ಮಸ್ಕತ್ತಿನ ಅರಬರು ಅಕ್ಕಿಗೆ ಬರುತ್ತಲೇ ಇದ್ದರು.

ಹಾಗಾದರೆ ಬಸ್ರೂರನ್ನು ಕೊಂದವರು ಯಾರು? ಒಬ್ಬರಲ್ಲ. 1763ರಲ್ಲಿ ಬಿದನೂರು ಹೈದರಾಲಿಯ ಕೈಸೇರಿದ ಮೇಲೆ ಅವನ ನೌಕಾಬಲದ ನೆಲೆ ಮಂಗಳೂರಾಯಿತು. ಬಿದನೂರು ಬಡವಾದಾಗ ಬಿದನೂರಿನ ಘಾಟಿ ಇಳಿದು ಬರುತ್ತಿದ್ದ ಸರಕೂ ಬಡವಾಯಿತು. 1799ರ ನಂತರ ಕಂಪನಿ ಸರಕಾರದ ಕಚೇರಿ, ಆಮೇಲೆ ಕಾಫಿ, ಹಂಚಿನ ಕಾರ್ಖಾನೆ, ಎಲ್ಲವೂ ಮಂಗಳೂರಿಗೆ ಬಂದವು. ಹೊಳೆಯಲ್ಲಿ ಹೂಳು ತುಂಬಿತು, ಹಡಗುಗಳ ಗಾತ್ರ ಬೆಳೆಯಿತು. ಕೊನೆಗೆ ರಸ್ತೆ ಸೇತುವೆಗಳು ಬಂದು ದೋಣಿಯ ಅಗತ್ಯವೇ ಮುಗಿಯಿತು. ನಮ್ಮ ಮಂಗಳೂರಿನ ಏಳಿಗೆಯಲ್ಲಿ ಬಸ್ರೂರಿನ ಪಾಲೂ ಇದೆ ಎಂದು ಮಂಗಳೂರಿನವನಾದ ನಾನು ಹೇಳಲೇಬೇಕು.

ಮಧ್ಯಾಹ್ನವನ್ನು ಊರು ಸುತ್ತುವುದಕ್ಕೆ ಇಡಿ. ಮಹಾಲಿಂಗೇಶ್ವರನ ದೊಡ್ಡ ದೇವಸ್ಥಾನವನ್ನು ಯಾರಾದರೂ ತೋರಿಸುತ್ತಾರೆ. ಬಳಿಕ ತುಳುವೇಶ್ವರವನ್ನು ಕೇಳಿಕೊಂಡು ಹೋಗಿ. ಹಳೆಯ ಗುಡಿಯ ಗೋಡೆಯನ್ನು ಆಲದ ಬೇರುಗಳು ಅಪ್ಪಿ ಹಿಡಿದು ನಿಂತಿವೆ. ಬೇರು ಗುಡಿಯನ್ನು ಒಡೆಯುತ್ತಿದೆಯೋ ಬೀಳದಂತೆ ಕಾಯುತ್ತಿದೆಯೋ ಹೇಳುವುದು ಕಷ್ಟ. ಸುತ್ತೆಲ್ಲ ಕುಂದಗನ್ನಡವನ್ನಾಡುವ ಜನ, ನಡುವೆ ತುಳುವಿನ ಹೆಸರು ಹೊತ್ತ ದೇವರು. ಈ ಹೆಸರನ್ನು ಹಿಡಿದು ತುಳುನಾಡಿನ ಗಡಿಯ ಬಗ್ಗೆ ವಾದಿಸುವವರಿದ್ದಾರೆ. ರೇವಿನಲ್ಲಿ ಭಾಷೆಗಳು ಒಂದರ ಪಕ್ಕ ಒಂದು ಲಂಗರು ಹಾಕುವುದು ಸಹಜವಾದ್ದರಿಂದ ಆ ವಾದಕ್ಕೆ ನಾನು ಇಳಿಯುವುದಿಲ್ಲ. ಸಾಹಿತ್ಯದ ಆಸಕ್ತಿಯುಳ್ಳವರು ಹತ್ತಿರದ ಗುಲ್ವಾಡಿಯ ಕಡೆಗೂ ಒಮ್ಮೆ ಕಣ್ಣು ಹಾಯಿಸಬಹುದು. 1899ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ 'ಇಂದಿರಾಬಾಯಿ'ಯನ್ನು ಬರೆದ ವೆಂಕಟರಾಯರ ಹೆಸರಿನ ಹಿಂದಿರುವ ಊರು ಅದು.

ನಡೆಯುವಾಗ ಕಣ್ಣು ನೆಲದ ಮೇಲಿರಲಿ. ಈ ಸುತ್ತಿನಲ್ಲಿ ಶಾಸನದ ಕಲ್ಲುಗಳು ಗೋಡೆಯಲ್ಲಿ, ತೋಡಿನ ಸಂಕದಲ್ಲಿ, ಬಾವಿಯ ಕಟ್ಟೆಯಲ್ಲಿ ಸೇರಿಹೋಗಿರುವುದುಂಟು. ಬಹಳ ವರ್ಷಗಳ ಹಿಂದೆ ವಿದ್ಯಾರ್ಥಿಗಳೊಡನೆ ಹೋದಾಗ ಒಂದು ಮನೆಯ ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ತಲೆಯಲ್ಲಿ ಸೂರ್ಯಚಂದ್ರರನ್ನು ಕಂಡೆವು. ಸಾಬೂನಿನ ನೊರೆ ತೊಳೆದು ನೋಡಿದರೆ ಕೆಳಗಿನ ಎರಡು ಮೂರು ಸಾಲು ಮಾತ್ರ ಉಳಿದಿತ್ತು. ಮನೆಯ ಹಿರಿಯಮ್ಮನನ್ನು ಕೇಳಿದ್ದಕ್ಕೆ, "ಅಜ್ಜನ್ ಕಾಲ್ದಿಂದ್ಲೂ ಇಲ್ಲೇ ಇತ್ತ್ ಮರಾಯ್ರೆ. ಎಂತ ಬರ್ದಿತ್ತ್ ಅದ್ರಗೆ?" ಎಂದರು. ಉಳಿದಿದ್ದುದು ಎಲ್ಲ ದಾನಶಾಸನಗಳ ಕೊನೆಯಲ್ಲಿ ಬರುವ ಮಾತು: ಈ ಧರ್ಮಕ್ಕೆ ತಪ್ಪಿದವನು ಗಂಗೆಯ ತಡಿಯಲ್ಲಿ ಕವಿಲೆಯನ್ನು ಕೊಂದ ಪಾಪಕ್ಕೆ ಹೋಗುವನು ಎಂಬುದು. ಓದಿ ಹೇಳಿದೆ. ಅವರ ಮುಖ ಸಣ್ಣದಾಯಿತು. ಅವರನ್ನು ಹೆದರಿಸುವ ಉದ್ದೇಶ ನನಗಿರಲಿಲ್ಲ. ಕಲ್ಲನ್ನು ಬರೆಯಿಸಿದವರಿಗೆ ಇತ್ತು. ದತ್ತಿ ಕೊಟ್ಟವರ ಹೆಸರು, ತಿಥಿವಾರ, ಎಷ್ಟು ಅಕ್ಕಿ, ಯಾವ ದೇವರಿಗೆ, ಇದೆಲ್ಲ ಇದ್ದ ಮೇಲಿನ ಸಾಲುಗಳು ಮೂರು ತಲೆಮಾರಿನ ಬಟ್ಟೆಗೆ ಸವೆದುಹೋಗಿದ್ದವು. ಆ ಸಂಜೆಯೇ ಮನೆಯವರು ಕಲ್ಲನ್ನು ಎತ್ತಿ ತುಳಸಿಕಟ್ಟೆಗೆ ಒರಗಿಸಿದರು. ಅಂಥ ಕಲ್ಲು ನಿಮಗೂ ಕಂಡರೆ ಅರಿಸಿನ ಬಳಿಯಬೇಡಿ, ಸುಣ್ಣ ಹಚ್ಚಬೇಡಿ, ಮೊಳೆಯಿಂದ ಕೆರೆಯಬೇಡಿ. ಇಳಿಬಿಸಿಲು ಓರೆಯಾಗಿ ಬೀಳುವಾಗ ಕಲ್ಲಿನ ಪೂರ್ತಿ ಒಂದು, ಸಾಲು ಸಾಲಾಗಿ ಕೆಲವು, ಹೀಗೆ ಫೋಟೋ ತೆಗೆದು ಶಾಸನ ಓದಬಲ್ಲವರಿಗೆ ತಲುಪಿಸಿ. ನಿಮ್ಮ ಕೈಯಲ್ಲಿರುವ ಫೋನು ಇಷ್ಟು ಮಾಡಬಲ್ಲುದು. ನಾವು ಕಾಗದ ಒತ್ತಿ, ಮಸಿ ಬಡಿದು ಪಡಿಯಚ್ಚು ತೆಗೆಯುತ್ತಿದ್ದೆವು.

ಸಂಜೆಯ ಗಾಡಿಗೆ ಇನ್ನೂ ಹೊತ್ತಿದ್ದರೆ ಹೊಳೆಯ ದಂಡೆಗೆ ಹೋಗಿ ಇಳಿತವನ್ನು ನೋಡಿ. ನೀರು ಬೆಳಿಗ್ಗೆ ನೀವು ನಿಂತಿದ್ದ ಕೋಡಿಯ ಕಡೆಗೆ ಹೊರಟಿರುತ್ತದೆ. ಎರಡೂ ದಡದ ಗದ್ದೆಗಳಲ್ಲಿ ಕೆಲವು ಕೊಯ್ದು ಮುಗಿದಿರುತ್ತವೆ, ಕೆಲವು ಉಳುವವರಿಲ್ಲದೆ ಹಡಿಲು ಬಿದ್ದಿರುತ್ತವೆ. ಆಮೇಲೆ ಪೇಟೆಯ ಯಾವುದಾದರೂ ದಿನಸಿ ಅಂಗಡಿಯಲ್ಲಿ ಕುಚ್ಚಲಕ್ಕಿ ಕೇಳಿ, ಚೀಲದ ಮೇಲೆ ಯಾವ ಊರಿನ ಗಿರಣಿಯ ಹೆಸರಿದೆಯೆಂದು ಓದಿ. ನಾನು ಕಳೆದ ಬಾರಿ ಓದಿದಾಗ ಅದು ಘಟ್ಟದ ಆಚೆಯ ಒಂದು ಊರಿನದಾಗಿತ್ತು.